ಮೊಯ್ದಿನಾಕರ ಜತೆ ಬಿಷಪರ ಅರಮನೆಗೆ

ಶುವೈಖ್

ಜರ್ಮನಿಯ ಅರಮನೆ ನೋಡಿ ಬಂದವ ಎಂದು ನೆಂಟರ ಮದುವೆ ಊಟಗಳಲ್ಲಿ ನನ್ನನ್ನು ಈಗಲೂ ಪರಿಚಯ ಮಾಡಿಸುವುದುಂಟು. ಹೇಗಿತ್ತು ಎಂದು ಯಾರಾದರೂ ಕೇಳಿದರೆ ಚಂದ ಇತ್ತು ಎನ್ನುತ್ತೇನೆ. ಮೆಟ್ಟಿಲು, ಕನ್ನಡಿ ಕೋಣೆ, ತೋಟ ಎಂದು ನಾಲ್ಕು ಮಾತು ಸೇರಿಸುತ್ತೇನೆ. ಜತೆಗೆ ಬಂದಿದ್ದವರ ಸುದ್ದಿ ಮಾತ್ರ ಎತ್ತುವುದಿಲ್ಲ. ಇವತ್ತು ಎತ್ತುತ್ತೇನೆ.

ಅವರ ಹೆಸರು ಮೊಯ್ದೀನ್. ಉಳ್ಳಾಲದ ಹತ್ತಿರದ ಬ್ಯಾರಿ ಮುಸ್ಲಿಮರು. ಊರಿನವರೆಲ್ಲ ಕರೆಯುವಂತೆ ನನಗೂ ಮೊಯ್ದಿನಾಕ. ಕುವೈತಿನಲ್ಲಿ ಜಿಪ್ಸಮ್ ಮೇಸ್ತ್ರಿ. ಶುವೈಖಿನ ಗ್ಯಾರೇಜುಗಳ ಸಾಲಿನ ಹಿಂದೆ ನಮ್ಮ ಕಂಪನಿಯ ವರ್ಕ್‌ಶಾಪ್ ಇತ್ತು. ಶ್ರೀಮಂತರ ಮನೆಗಳ ಚಾವಣಿಗೆ ಬೇಕಾದ ಹೂವು, ಬಳ್ಳಿ, ಅಂಚುಪಟ್ಟಿ ಎಲ್ಲ ಅಲ್ಲಿ ಅಚ್ಚಿನಲ್ಲಿ ಎರೆದು ತಯಾರಾಗುತ್ತಿದ್ದವು. ನಾನು ಅದೇ ಕಂಪನಿಯ ಮಿರ್ಕಾಬ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಹೆಸರು ವಿನ್ಸೆಂಟ್. ಮೊಯ್ದಿನಾಕ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ನಮ್ಮ ಕಡೆ ಕ್ರಿಶ್ಚಿಯನರನ್ನು ಕರೆಯುವಂತೆ ‘ಪೊರ್ಬುಗಳೇ’ ಎನ್ನುತ್ತಿದ್ದರು. ನಾನು ಎಳೆದ ಗೆರೆ ಅವರ ಕೈಯಲ್ಲಿ ಹೂವಾಗುತ್ತಿತ್ತು. ಹನ್ನೊಂದು ವರ್ಷ ಹೀಗೆ ನಡೆದಿತ್ತು. ನಮ್ಮಿಬ್ಬರ ಮಾತು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ.

ಪಕ್ಕದ ಇರಾಕಿನಲ್ಲಿ ಎರಡು ಸಾವಿರದ ಮೂರರ ಯುದ್ಧ ಮುಗಿದು ಕುವೈತಿನಲ್ಲಿ ಮನೆ ಕಟ್ಟುವವರ ಭರಾಟೆ ಜೋರಾಗಿದ್ದ ಕಾಲ ಅದು. ನಮಗೆ ವೀಸಾ ಕೊಟ್ಟ ಕಫೀಲ್, ನಾವೆಲ್ಲ ‘ಮುದೀರ್’ ಎನ್ನುತ್ತಿದ್ದ ಕಂಪನಿಯ ಯಜಮಾನ ಅಬು ನಾಸರ್ ಅವರೂ ಹೊಸ ಮನೆ ಕಟ್ಟಿಸುತ್ತಿದ್ದರು. ಅದರಲ್ಲಿ ಗಂಡಸರು ಸೇರಿ ಚಹಾ ಕುಡಿದು ಹರಟುವ ದೊಡ್ಡ ಹಾಲ್, ದಿವಾನಿಯಾ. ಬೆನ್ನುನೋವಿನ ಚಿಕಿತ್ಸೆಗೆಂದು ಜರ್ಮನಿಗೆ ಹೋಗಿದ್ದಾಗ ಅವರು ವುರ್ತ್ಸ್‌ಬುರ್ಗ್ ಎಂಬ ಊರಿನ ಅರಮನೆ ನೋಡಿದ್ದರು. ಅಲ್ಲೊಂದು ಬಿಳಿ ಹಾಲ್. ಬಣ್ಣವಿಲ್ಲ, ಚಿನ್ನವಿಲ್ಲ; ಚಾವಣಿಯಿಂದ ಗೋಡೆಯವರೆಗೆ ಬರೀ ಗಾರೆ ಕೆತ್ತನೆ. ಅದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು.

ಒಂದು ಬೆಳಿಗ್ಗೆ ವರ್ಕ್‌ಶಾಪಿಗೆ ಬಂದು, ಅರಬಿ ಹಿಂದಿ ಎರಡನ್ನೂ ಬೆರೆಸಿ ಹೇಳಿದರು: “ಮೊಯ್ದೀನ್, ನನ್ನ ಅಪ್ಪನ ಮನೆಯ ಚಾವಣಿ ಮಾಡಿದವನು ನೀನು. ಇದನ್ನೂ ನೀನೇ ಮಾಡಬೇಕು. ಫೋಟೋ ತೆಗೆಯಲು ಅಲ್ಲಿ ಬಿಡುವುದಿಲ್ಲ. ನೀನೂ ವಿನ್ಸೆಂಟೂ ಹೋಗಿ ಕಣ್ಣಾರೆ ನೋಡಿ ಬನ್ನಿ. ಯಲ್ಲಾ, ಹೊರಡಿ.”

ನನಗೆ ಕಾಲು ನೆಲಕ್ಕೆ ಊರಲಿಲ್ಲ. ಮೊಯ್ದಿನಾಕ ಮಾತ್ರ ಕೈಗಂಟಿದ ಜಿಪ್ಸಮ್ ಕೆರೆಯುತ್ತ ನಿಂತರು. ಅಬು ನಾಸರ್ ಹೋದ ಮೇಲೆ, “ನನಗೆಂತಕ್ಕೆ? ನೀವೊಬ್ಬರೇ ಹೋಗಿ ಚಿತ್ರ ಬರೆದು ತನ್ನಿ, ಸಾಕು” ಎಂದರು. ವಯಸ್ಸಾದವರು, ಇಂಗ್ಲಿಷ್ ಬಾರದು, ಹೆದರಿಕೆ ಇರಬೇಕೆಂದುಕೊಂಡೆ. “ನಾನಿದ್ದೇನಲ್ಲ ಮೊಯ್ದಿನಾಕ” ಎಂದು ಒತ್ತಾಯಿಸಿದೆ. ಎರಡು ದಿನ ಬಿಟ್ಟು ಒಪ್ಪಿದರು.

ಅವರ ಕಣ್ಣು ಹೋಗುತ್ತಿತ್ತು. ನನಗದು ತಿಳಿದಿರಲಿಲ್ಲ. ಮೇಜಿನ ಮೇಲೆ ಮದ್ದಿನ ಹನಿಯ ಬಾಟಲಿ ಕಂಡಿದ್ದೆ. ಧೂಳಿಗೆ ಹಾಕಿಕೊಳ್ಳುತ್ತೇನೆ ಎಂದಿದ್ದರು, ನಂಬಿದ್ದೆ. ಅಚ್ಚುಗಳನ್ನು ಅವರು ನೋಡುವುದಕ್ಕಿಂತ ಬೆರಳಾಡಿಸುವುದೇ ಹೆಚ್ಚಾಗಿತ್ತು. ಹಳೆಯ ಕೈ, ಹಾಗೆಯೇ ಇರುತ್ತದೆ ಎಂದು ಅದನ್ನೂ ಮೆಚ್ಚಿಕೊಂಡಿದ್ದೆ.

ಫ್ರಾಂಕ್‌ಫರ್ಟ್

ಜರ್ಮನಿಯಲ್ಲಿ ನಮ್ಮನ್ನು ಮೊದಲು ಸ್ವಾಗತಿಸಿದ್ದು ಕಸ್ಟಮ್ಸ್‌ನವರು. ಮೊಯ್ದಿನಾಕರ ಚೀಲದಲ್ಲಿ ಬಿಳಿ ಪುಡಿ ಸಿಕ್ಕಿತು. ಎರಡು ಕಿಲೋ ಇದ್ದೀತು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೇಲೆ ರಬ್ಬರ್ ಬ್ಯಾಂಡ್ ಬಿಗಿದು, ಬಟ್ಟೆಗಳ ನಡುವೆ ಬೆಚ್ಚಗೆ ಮಲಗಿಸಿದ್ದರು.

“ಎಂತ ಮೊಯ್ದಿನಾಕ ಇದು?”

“ಜಿಪ್ಸಮ್. ಅಲ್ಲಿ ನೋಡಿದ್ದನ್ನು ರೂಮಲ್ಲೇ ಸ್ವಲ್ಪ ಮಾಡಿ ನೋಡುವ ಅಂತ.”

ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿದರು. ನಾಯಿ ಬಂತು. ಮೂಸಿತು, ಸೀನಿತು, ಹೋಯಿತು. ದಪ್ಪ ಮೀಸೆಯ ಅಧಿಕಾರಿಯೊಬ್ಬರು ಪುಡಿಯನ್ನು ಪರೀಕ್ಷೆಗೆ ಕಳಿಸಿದರು. ಅಪಾಯದ್ದಲ್ಲ ಎಂಬ ಉತ್ತರ ಬರುವಷ್ಟರಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಅಧಿಕಾರಿಗೆ ಆದರೂ ಕುತೂಹಲ ಹೋಗಲಿಲ್ಲ. ಇದನ್ನು ಇಲ್ಲಿಯವರೆಗೆ ಹೊತ್ತು ತಂದದ್ದೇಕೆ ಎಂದು ನನ್ನ ಮೂಲಕ ಕೇಳಿದರು.

ಮೊಯ್ದಿನಾಕ ಕಾಫಿಯ ಖಾಲಿ ಕಾಗದದ ಲೋಟ ತೆಗೆದುಕೊಂಡರು. ಕುಡಿಯುವ ನೀರು ಬಗ್ಗಿಸಿದರು. ಒಂದು ಹಿಡಿ ಪುಡಿ ಹಾಕಿ ಬೆರಳಲ್ಲಿ ಕಲಸಿದರು. ಅದು ಬಿಗಿಯಾಗುವ ಹೊತ್ತು ನೋಡಿಕೊಂಡು ಅಂಗೈಗೆ ಸುರಿದು, ಹೆಬ್ಬೆರಳಿನಿಂದ ಒತ್ತುತ್ತ, ಉಗುರಿನಿಂದ ಗೀರುತ್ತ, ಐದು ನಿಮಿಷದಲ್ಲಿ ಒಂದು ವೀಳ್ಯದೆಲೆ ಮಾಡಿಟ್ಟರು. ತುದಿ ಸ್ವಲ್ಪ ಮಡಚಿತ್ತು. ಕೆಲಸದ ಉದ್ದಕ್ಕೂ ಒಮ್ಮೆಯೂ ಕೈಯ ಕಡೆ ನೋಡಲಿಲ್ಲ. ಎದುರಿನ ಗೋಡೆ ನೋಡುತ್ತಿದ್ದರು. ಹಮ್ಮು ತೋರಿಸುತ್ತಿದ್ದಾರೆ ಎಂದು ನನಗೆ ನಗು ಬಂತು.

ಮೀಸೆಯವರು ಆ ಎಲೆಯನ್ನು ತಮ್ಮ ಕಂಪ್ಯೂಟರಿನ ಮೇಲಿಟ್ಟುಕೊಂಡರು. ಪುಡಿಯ ಕಟ್ಟನ್ನು ಹಾಗೆಯೇ ಹಿಂದಿರುಗಿಸಿ ನಮಗೆ ಎದ್ದು ನಿಂತು ಕೈ ಕೊಟ್ಟರು.

ವುರ್ತ್ಸ್‌ಬುರ್ಗಿನ ರೈಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎದುರಿನ ಮುದುಕಿಯೊಬ್ಬಳು ಸೇಬನ್ನು ಚಾಕುವಿನಲ್ಲಿ ಎಂಟು ತುಂಡು ಮಾಡಿ, ಒಂದೊಂದನ್ನೂ ಕಾಗದದ ಮೇಲೆ ಜೋಡಿಸಿ, ತಿಂದು ಮುಗಿಸಿದಳು. ಪಕ್ಕದವರಿಗೆ ಬೇಕೇ ಎಂದು ಕೇಳುವ ವಾಡಿಕೆಯಿಲ್ಲ. ಮೊಯ್ದಿನಾಕ ತಮ್ಮ ಖರ್ಜೂರದ ಡಬ್ಬಿ ತೆರೆದು ಮೊದಲು ಅವಳ ಮುಂದೆಯೇ ಹಿಡಿದರು. ಅವಳು ಗಾಬರಿಯಾಗಿ, ಕೆಂಪಾಗಿ, ಒಂದು ತೆಗೆದುಕೊಂಡು, ಇಳಿಯುವವರೆಗೂ ಕೈಚೀಲದಲ್ಲಿ ಏನನ್ನೋ ಹುಡುಕಿದಳು. ಕೊನೆಗೆ ಎರಡು ಪೆಪ್ಪರ್‌ಮಿಂಟ್ ಸಿಕ್ಕಿದವು. ಕೊಟ್ಟು ನಿರಾಳಳಾಗಿ ಇಳಿದಳು.

ಆ ಊರಿನಲ್ಲಿ ಕೆಂಪು ದೀಪ ಬಿದ್ದರೆ ರಸ್ತೆಯಲ್ಲಿ ಒಂದು ಗಾಡಿ ಇಲ್ಲದಿದ್ದರೂ ಜನ ದಾಟುವುದಿಲ್ಲ. “ನಮ್ಮ ಶುವೈಖಿನ ಡ್ರೈವರುಗಳನ್ನು ಇಲ್ಲಿಗೆ ತಂದು ಒಂದು ವಾರ ನಿಲ್ಲಿಸಬೇಕು” ಎಂದೆ. ಮೊಯ್ದಿನಾಕ ನಕ್ಕರು. ಆದರೆ ಪ್ರತಿ ಸಲವೂ ದಾಟುವಾಗ ನನ್ನ ತೋಳು ಹಿಡಿಯುತ್ತಿದ್ದರು.

ಅರಮನೆ, ಮೊದಲ ದಿನ

ಅದು ರಾಜರ ಅರಮನೆಯಲ್ಲ, ಬಿಷಪರದ್ದು. ಆಗಿನ ಕಾಲದಲ್ಲಿ ಅಲ್ಲಿ ಬಿಷಪರೇ ದೊರೆಗಳು. ನಮ್ಮೂರ ಬಿಷಪರ ಮನೆಯ ಹೆಂಚಿನ ಮಾಡು, ಅಂಗಳದ ಅಂಬಾಸಿಡರ್ ಕಾರು ನೋಡಿ ಬೆಳೆದ ನನಗೆ ಆ ಅಂಗಳದಲ್ಲಿ ನಿಂತಾಗ ನಂಬುವುದೇ ಕಷ್ಟವಾಯಿತು. ಕುವೈತಿನಲ್ಲಿ ನಾವಿದ್ದ ಬ್ನೇದ್ ಅಲ್ ಗಾರ್‌ನ ಬೀದಿಯ ಅಷ್ಟೂ ಫ್ಲ್ಯಾಟುಗಳನ್ನು ಎತ್ತಿ ಆ ಅಂಗಳದಲ್ಲಿಟ್ಟರೂ ಕುದುರೆಗಾಡಿ ತಿರುಗಲು ಜಾಗ ಉಳಿದೀತು.

ಒಳಗೆ ಹೋದರೆ ಮೆಟ್ಟಿಲು. ಅಗಲವಾದ, ಅವಸರವೇ ಗೊತ್ತಿಲ್ಲದ ಮೆಟ್ಟಿಲು. ಮೇಲೆ ಕಂಬವೇ ಇಲ್ಲದ ದೊಡ್ಡ ಕಮಾನು, ಅದರ ತುಂಬ ಚಿತ್ರ. ಮೊಯ್ದಿನಾಕ ಬದಿಯ ಗಿಡ್ಡ ಗೋಡೆಗೆ ಅಂಟಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಮಂಡಿನೋವು ಎಂದುಕೊಂಡೆ.

“ಮೇಲೆ ಎಂತ ಉಂಟು ಪೊರ್ಬುಗಳೇ?”

“ನಾಲ್ಕು ಖಂಡಗಳಂತೆ. ಅಲ್ಲಿ ಆನೆ ಉಂಟು, ಅದು ನಮ್ಮ ಏಷ್ಯಾ. ಆಚೆ ಒಂಟೆ.”

“ಆನೆ ಯಾವ ಕಡೆ ಮುಖ ಮಾಡಿದೆ?”

“ಆನೆ ಮಾರ್ರೆ. ಆನೆ ಹಾಗೆ ಉಂಟು” ಎಂದೆ. ನಾನು ಮುಂದೆ ಹೋಗುವ ಅವಸರದಲ್ಲಿದ್ದೆ.

ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಊರೇ ಉರಿದು, ಅರಮನೆಯ ಮಾಡು ಪೂರಾ ಸುಟ್ಟರೂ ಈ ಕಮಾನು ಮಾತ್ರ ಕುಸಿಯಲಿಲ್ಲವಂತೆ. ಓದಿಕೊಂಡದ್ದನ್ನು ಹೇಳಿದಾಗ ಮೊಯ್ದಿನಾಕ ಮೆಟ್ಟಿಲಲ್ಲೇ ನಿಂತರು. ತೊಂಬತ್ತರಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅವರು ಉಟ್ಟ ಬಟ್ಟೆಯಲ್ಲಿ ಜೋರ್ಡಾನ್ ದಾಟಿ ಊರು ಸೇರಿದವರು. ಮರಳಿ ಬಂದಾಗ ತಾವು ಮಾಡಿದ ಚಾವಣಿಗಳು ಎಷ್ಟೋ ಮನೆಗಳಲ್ಲಿ ಮಸಿಯಾಗಿ ನೆಲಕ್ಕೆ ಬಿದ್ದಿದ್ದವು. “ಬೀಳಲಿಲ್ಲವಾ?” ಎಂದು ಎರಡು ಸಲ ಕೇಳಿದರು. “ಕಟ್ಟಿದವನ ಕೈಗೆ ಸಲಾಂ ಹೇಳಬೇಕು.”

ಮೇಲಿನ ಬಾಗಿಲು ದಾಟಿದರೆ ಅದೇ, ಬಿಳಿ ಹಾಲ್.

ನಾನು ಅಂಥದನ್ನು ಕಂಡಿರಲಿಲ್ಲ. ಬೂದು ಛಾಯೆಯ ಬಿಳಿ ಗೋಡೆಯ ಮೇಲೆ ಬಿಳಿ ಗಾರೆ. ಬಾವುಟಗಳು, ಗುರಾಣಿಗಳು, ಬಳ್ಳಿಗಳು, ಬಳ್ಳಿಯೋ ಬೆಂಕಿಯೋ ಹೇಳಲಾಗದ ಸುರುಳಿಗಳು. ಎಡಬಲ ಒಂದಕ್ಕೊಂದು ಹೋಲುವುದಿಲ್ಲ. ಅಚ್ಚೇ ಇಲ್ಲ; ಇಟಲಿ ಕಡೆಯಿಂದ ಬಂದ ಗಾರೆಯವನು ಹಸಿ ಗಾರೆಯನ್ನು ಕೈಯಲ್ಲೇ ಮೆತ್ತಿ ಮಾಡಿದ್ದಂತೆ. ಅದನ್ನು ಹೇಳಿದೊಡನೆ ಮೊಯ್ದಿನಾಕರ ಮುಖ ಬದಲಾಯಿತು. ಸಣ್ಣ ಪ್ರಾಯದಲ್ಲಿ ಅವರೂ ಮಾವನ ಜತೆ ಸುಣ್ಣದ ಗಾರೆಯಲ್ಲಿ ಹಾಗೆಯೇ ಕೈಕೆಲಸ ಮಾಡಿದವರು. ಕುವೈತಿಗೆ ಬಂದ ಮೇಲೆ ಜೀವಮಾನವಿಡೀ ಅಚ್ಚು.

“ಆ ಮೂಲೆ ಬರೆಯಿರಿ” ಎಂದರು. ಬರೆಯಲು ಅಡ್ಡಿ ಇರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಮೂಲೆಯ ಗೆರೆಗಳನ್ನು ಎಳೆದೆ.

“ಗೋಡೆಯಿಂದ ಎಷ್ಟು ಹೊರಗೆ ಬಂದಿದೆ?”

“ನಾಲ್ಕು ಬೆರಳು.”

“ಸರಿ ನೋಡಿದಿರಾ?”

“ನಾಲ್ಕು ಬೆರಳು ಮೊಯ್ದಿನಾಕ, ಹೆಚ್ಚಿಲ್ಲ.” ನಿಜ ಹೇಳಬೇಕೆಂದರೆ ನಾನು ಕೆಳಗೆ, ನೇರ ಎದುರಿಗೆ ನಿಂತಿದ್ದೆ. ಬದಿಗೆ ಹೋಗಿ ನೋಡಿದ್ದರೆ ತಿಳಿಯುತ್ತಿತ್ತು. ಹೋಗಲಿಲ್ಲ.

ನಾನು ಪೆನ್ಸಿಲ್ ಚೀಲಕ್ಕೆ ಹಾಕುತ್ತಿದ್ದಾಗ ಅವರು ಗೋಡೆಯ ಬಳಿ ಹೋಗಿ ಕೈ ಎತ್ತಿ ಬಾಗಿಲ ಪಕ್ಕದ ಪಟ್ಟಿಯನ್ನು ಮುಟ್ಟಿದರು. ಮೂಲೆಯ ಕುರ್ಚಿಯಲ್ಲಿದ್ದ ಕಾವಲಿನ ಹೆಂಗಸು ಎದ್ದು ಬಂದಳು. ಐವತ್ತೈದರ ಮೇಲಿನವಳು, ನರೆತ ಕೂದಲು, ನೀಲಿ ಕೋಟು. ಮೆತ್ತಗೆ ಏನೋ ಹೇಳಿದಳು. ಮೊಯ್ದಿನಾಕ ಬೆಚ್ಚಿ ಹಿಂದಕ್ಕೆ ಸರಿದರು. ಹಿಂದೆ ಹಗ್ಗ ಕಟ್ಟಿದ ಕಂಬವಿತ್ತು. ಕಂಬ ಉರುಳಿತು, ಅದರ ಹಿಂದಿನದೂ ಉರುಳಿತು, ಸದ್ದು ಆ ಹಾಲಿನಲ್ಲಿ ನಾಲ್ಕು ಸುತ್ತು ತಿರುಗಿತು. ನೋಡಲು ಬಂದವರೆಲ್ಲ ಚಾವಣಿ ಬಿಟ್ಟು ನಮ್ಮನ್ನು ನೋಡಿದರು.

“ಮೊಯ್ದಿನಾಕ! ಇದು ಶುವೈಖ್ ಅಲ್ಲ!” ಎಂದು ಜೋರಾಗಿಯೇ ಗದರಿದೆ. “ಕಣ್ಣು ಕಾಣುವುದಿಲ್ಲವಾ ನಿಮಗೆ?”

ಅವರು ಬಗ್ಗಿ ಕಂಬವನ್ನು ಹುಡುಕಿದರು. ಅದು ಬಿದ್ದ ಕಡೆಗಲ್ಲ, ಬೇರೆ ಕಡೆಗೆ ಕೈ ಚಾಚಿದರು. ಎತ್ತಿ ನಿಲ್ಲಿಸಿದವಳು ಆ ಹೆಂಗಸು.

ತೋಟ

ಹಿಂದಿನ ತೋಟದಲ್ಲಿ ಗಿಡಗಳನ್ನು ಮೂಲಂಗಿಯಂತೆ ಚೂಪಾಗಿ ಕತ್ತರಿಸಿ ನಿಲ್ಲಿಸಿದ್ದರು. ಕಲ್ಲುಬೆಂಚಿನ ಮೇಲೆ ಕೂತೆವು.

“ಕಾಣುವುದಿಲ್ಲ ಪೊರ್ಬುಗಳೇ” ಎಂದರು ಮೊಯ್ದಿನಾಕ. “ನೀವು ಕೇಳಿದಿರಲ್ಲ. ಕಾಣುವುದಿಲ್ಲ.”

ಊರಿನ ಡಾಕ್ಟರು ಹಿಂದಿನ ರಜೆಯಲ್ಲಿ ಹೇಳಿದ್ದರಂತೆ. ಕಣ್ಣಿನೊಳಗೆ ಒತ್ತಡ, ಹನಿ ಬಿಡುತ್ತಿರಬೇಕು, ಹೋದದ್ದು ಮರಳಿ ಬರುವುದಿಲ್ಲ. “ಪೈಪಿನಲ್ಲಿ ನೋಡಿದ ಹಾಗೆ. ನಡುವಲ್ಲಿ ಒಂದಿಷ್ಟು ಉಂಟು, ಅದರ ಸುತ್ತ ಹೊಗೆ. ಬಣ್ಣದ್ದಾದರೆ ಹೇಗೋ ಅಂದಾಜಾಗುತ್ತದೆ. ಇದು ಬಿಳಿಯ ಮೇಲೆ ಬಿಳಿ. ಆ ಹಾಲಿಗೆ ಹೋದಾಗ ನನಗೆ ಮಂಜಿನಲ್ಲಿ ನಿಂತ ಹಾಗಾಯಿತು.”

“ಮತ್ತೆ ಯಾಕೆ ಒಪ್ಪಿದಿರಿ?”

“ಒಲ್ಲೆ ಅಂದರೆ ಯಾಕೆ ಅಂತ ಕೇಳುತ್ತಾರಲ್ಲ.” ಅಂಗೈ ತಿರುಗಿಸಿ ನೋಡಿಕೊಂಡರು. “ಇಪ್ಪತ್ತೆಂಟು ವರ್ಷ ಆ ದೇಶದಲ್ಲಿ ಮೊಯ್ದೀನ್ ಮೇಸ್ತ್ರಿ ಅಂತ ಹೆಸರಿಟ್ಟುಕೊಂಡೆ. ಇದೊಂದು ಚಾವಣಿ ಮುಗಿಸಿ, ನಾನೇ ಖಲಾಸ್ ಹೇಳಿ, ಮರ್ಯಾದೆಯಲ್ಲಿ ಊರಿಗೆ ಹೋಗಬೇಕು. ಕಣ್ಣು ಹೋದವ ಅಂತ ಕಳಿಸಿದರು ಅನ್ನಿಸಿಕೊಂಡು ಹೋಗಬಾರದು. ಮುದೀರ್‌ಗೆ ಹೇಳಬೇಡಿ.”

“ಹೇಳುವುದಿಲ್ಲ” ಎಂದೆ. ಅವರ ಕೈ ಹಿಡಿದುಕೊಂಡೆ. ಮನಸಾರೆಯೇ ಹೇಳಿದ್ದೆ.

“ನಾಳೆ ಪುನಃ ಬರುವ. ನೀವು ಒಂದೊಂದೇ ಮೂಲೆ ನೋಡಿ ನೋಡಿ ಹೇಳಿ. ಎಷ್ಟು ಹೊರಗೆ, ಎಲ್ಲಿ ತಿರುಗುತ್ತದೆ, ಎಲ್ಲಿ ತೆಳು, ಎಲ್ಲಿ ದಪ್ಪ. ನಾನು ರೂಮಲ್ಲಿ ಕೈಯಲ್ಲಿ ಮಾಡಿ ನೋಡ್ತೇನೆ. ಕೈಗೆ ಒಮ್ಮೆ ಬಂದರೆ ಮರೆಯುವುದಿಲ್ಲ.”

ಅರಮನೆ, ಎರಡನೆಯ ದಿನ

ಮರುದಿನ ಬಾಗಿಲು ತೆರೆಯುವಾಗಲೇ ಹೋದೆವು. ಮಧ್ಯಾಹ್ನದ ರೈಲಿಗೆ ಹೊರಡಬೇಕಿತ್ತು. ಅದೇ ಹೆಂಗಸು ಕುರ್ಚಿಯಲ್ಲಿದ್ದಳು, ನಮ್ಮನ್ನು ಕಂಡು ತಲೆಯಾಡಿಸಿದಳು.

ನಾನು ಹೇಳತೊಡಗಿದೆ. “ಇಲ್ಲಿ ಬಾವುಟ, ಅದರ ಬುಡದಲ್ಲಿ ಗುರಾಣಿ, ಮೇಲಿನಿಂದ ಬಳ್ಳಿ ಇಳಿದು ಬಂದಿದೆ.” “ಬಳ್ಳಿ ಬಾವುಟದ ಹಿಂದಿನಿಂದ ಬರುತ್ತದಾ, ಮುಂದಿನಿಂದಾ?” “ಹಿಂದಿನಿಂದ. ಅಲ್ಲ, ಮುಂದಿನಿಂದ.” “ಎಲೆಯ ಬೆನ್ನು ಕಾಣುತ್ತದಾ?” ಎಲೆಗೆ ಬೆನ್ನಿದೆಯೆಂದೇ ನಾನು ಅದುವರೆಗೆ ಯೋಚಿಸಿದವನಲ್ಲ. ಒಂದು ಮೂಲೆ ಮುಗಿಯುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಕುತ್ತಿಗೆ ನೋಯುತ್ತಿತ್ತು. ಇಂಥ ಮೂಲೆ ಇನ್ನೂ ಮೂರಿದ್ದವು.

ಕನ್ನಡಿ ಕೋಣೆಗೆ ಹೋಗುವ ಗುಂಪೊಂದು ಬಾಗಿಲ ಹತ್ತಿರ ಸೇರುತ್ತಿತ್ತು. ಆ ಭಾಗಕ್ಕೆ ಗೈಡಿನ ಜತೆ ಮಾತ್ರ ಹೋಗಬಹುದಿತ್ತು. ನನ್ನ ಹೆಂಡತಿ ಲೀನಾ ಆ ಕೋಣೆಯ ಚಿತ್ರವನ್ನು ಎಲ್ಲೋ ನೋಡಿ, “ಅದನ್ನು ನೋಡದೆ ಬರಬೇಡಿ” ಎಂದಿದ್ದಳು.

“ಮೊಯ್ದಿನಾಕ, ಕೆಳಗೆ ಅಂಗಡಿಯಲ್ಲಿ ದೊಡ್ಡ ಪುಸ್ತಕ ಉಂಟು. ಈ ಹಾಲಿನದ್ದು ಎಲ್ಲ ಫೋಟೋ ಅದರಲ್ಲಿದೆ. ಅದನ್ನೇ ತೆಗೆದುಕೊಳ್ಳುವ. ನೀವಿಲ್ಲಿ ಕೂತಿರಿ, ಹತ್ತು ನಿಮಿಷ.”

“ಆಯ್ತು. ಹೋಗಿ ಬನ್ನಿ” ಎಂದರು. ಗೋಡೆ ಬದಿಯ ಬೆಂಚಿನಲ್ಲಿ ಕೂರಿಸಿ ಹೋದೆ.

ಹತ್ತು ನಿಮಿಷವಲ್ಲ, ಒಂದೂಕಾಲು ಗಂಟೆ. ಕನ್ನಡಿ ಕೋಣೆ ಯುದ್ಧದಲ್ಲಿ ಚೂರುಚೂರಾಗಿ, ಉಳಿದ ಒಂದು ತುಂಡು ಕನ್ನಡಿಯನ್ನೂ ಹಳೆಯ ಚಿತ್ರಗಳನ್ನೂ ನೋಡಿಕೊಂಡು ಕುಶಲಕರ್ಮಿಗಳು ಮತ್ತೆ ಕಟ್ಟಿದ್ದಂತೆ. ಗೋಡೆ, ಚಾವಣಿ ಎಲ್ಲೆಲ್ಲೂ ಚಿನ್ನ, ಎಲ್ಲೆಲ್ಲೂ ನಾನೇ. ತಲೆ ಬಾಚಿಕೊಂಡದ್ದು ಸರಿಯಿದೆಯೇ ಎಂದು ನೋಡಿಕೊಂಡದ್ದು ನೆನಪಿದೆ.

ಅಂಗಡಿಯಲ್ಲಿ ಪುಸ್ತಕ ಕೊಂಡು, ಮಗಳಿಗೊಂದು ಬೊಂಬೆ ಆರಿಸಿ, ಬಿಳಿ ಹಾಲಿಗೆ ಮರಳಿದಾಗ ಮೊಯ್ದಿನಾಕ ಬೆಂಚಿನಲ್ಲಿರಲಿಲ್ಲ. ಮೂಲೆಯಲ್ಲಿ ಗೋಡೆಯ ಹತ್ತಿರ ನಿಂತಿದ್ದರು. ಕುರ್ಚಿಯಲ್ಲಿ ಬೇರೆ ಯಾರೋ ಎಳೆಯ ವಯಸ್ಸಿನ ಕಾವಲುಗಾರ ಕೂತಿದ್ದ.

ನನ್ನ ಹೆಜ್ಜೆ ಗುರುತಿಸಿ ತಿರುಗಿದರು. ಮುಖವೆಲ್ಲ ಅರಳಿತ್ತು.

“ಪೊರ್ಬುಗಳೇ, ಕಂಡಿತು! ಸ್ವಲ್ಪ ಕಂಡಿತು!”

ನಡೆದದ್ದನ್ನು ಉಸಿರು ಕಟ್ಟಿ ಹೇಳಿದರು. ಕೂತಲ್ಲೇ ಕಣ್ಣಿಗೆ ಹನಿ ಬಿಟ್ಟುಕೊಳ್ಳುತ್ತಿದ್ದಾಗ ಆ ಹೆಂಗಸು ಬಂದು ಬಾಟಲಿಯನ್ನು ಇಸಿದುಕೊಂಡು ಓದಿದಳು. ತನ್ನ ಕಣ್ಣು ತೋರಿಸಿ, “ಮಮ್ಮಾ” ಎಂದಳು. ಅವಳ ತಾಯಿಗೂ ಅದೇ ಇರಬೇಕು. ಮೊಯ್ದಿನಾಕ ತಮ್ಮ ಎರಡು ಕೈಗಳನ್ನು ತೋರಿಸಿ, ಗಾರೆ ಮೆತ್ತುವಂತೆ ಮಾಡಿ, ಮೇಲಕ್ಕೆ ಬೆರಳು ಮಾಡಿದರು. ಅವಳಿಗೆ ಅರ್ಥವಾಯಿತು. ಹಾಲಿನಲ್ಲಿ ಜನವಿಲ್ಲದ ಹೊತ್ತು ನೋಡಿ ಹತ್ತಿರದ ಕಿಟಕಿಯ ಪರದೆ ಎಳೆದಳು. ಜೇಬಿನಿಂದ ಟಾರ್ಚು ತೆಗೆದು ಗೋಡೆಗೆ ಒರಗಿಸಿ ಹಿಡಿದು ಓರೆಯಾಗಿ ಮೇಲಕ್ಕೆ ಬೆಳಕು ಬಿಟ್ಟಳು.

“ನೆರಳು ಬಿತ್ತು ನೋಡಿ, ಆಗ ಎದ್ದು ಬಂತು! ಬಿಳಿಯಲ್ಲ, ಕಪ್ಪು ಗೆರೆ ಗೆರೆಯಾಗಿ. ಒಂದೊಂದೇ ಕಡೆ ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ಕಾಲು ಗಂಟೆ ಕೈ ಎತ್ತಿಕೊಂಡೇ ಇದ್ದರು ಪಾಪ. ಆಮೇಲೆ ಅವರ ಡ್ಯೂಟಿ ಮುಗಿಯಿತು ಕಾಣುತ್ತದೆ, ಗಡಿಯಾರ ತೋರಿಸಿದರು. ನೀವು ಇದ್ದಿದ್ದರೆ ನಾನು ಹೇಳುತ್ತಾ ಹೋಗುತ್ತಿದ್ದೆ, ನೀವು ಬರೆದುಕೊಳ್ಳಬಹುದಿತ್ತು.” ಸ್ವಲ್ಪ ತಡೆದು ಹೇಳಿದರು: “ಅದು ನಾಲ್ಕು ಬೆರಳಲ್ಲ ಪೊರ್ಬುಗಳೇ. ತುಂಬ ಹೊರಗೆ ಬಂದಿದೆ. ಮೊಳದಷ್ಟು. ಕೆಲವು ಕಡೆ ಗೋಡೆಯನ್ನು ಬಿಟ್ಟೇ ನಿಂತಿದೆ.”

“ನೆರಳಿಗೆ ಹಾಗೆ ಕಂಡಿರಬೇಕು” ಎಂದೆ. “ಟಾರ್ಚು ಓರೆ ಹಿಡಿದರೆ ಎಲ್ಲ ದೊಡ್ಡದಾಗಿ ಕಾಣುತ್ತದೆ. ಬನ್ನಿ, ರೈಲಿಗೆ ಹೊತ್ತಾಯಿತು.”

ಮೂಲೆಗೆ ಹೋಗಿ ತಲೆ ಎತ್ತಿ ಒಮ್ಮೆ ಬದಿಯಿಂದ ನೋಡಲು ಎಷ್ಟು ಹೊತ್ತು ಬೇಕಿತ್ತು? ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯನ್ನು ನಾನು ಇಡಲಿಲ್ಲ. ಕಣ್ಣಿಲ್ಲದವರ ಮಾತು ಎಂದು ಒಳಗೊಳಗೆ ಅನ್ನಿಸಿತ್ತು, ಅದನ್ನೂ ಬಚ್ಚಿಡುವುದಿಲ್ಲ.

ಮರಳಿ ಕುವೈತ್

ಪುಸ್ತಕದ ಫೋಟೋಗಳಿಗೆ ಎಲ್ಲ ಕಡೆಯಿಂದ ಬೆಳಕು ಹಾಕಿದ್ದರು. ನೆರಳೇ ಇರಲಿಲ್ಲ. ಎಲ್ಲವೂ ಗೋಡೆಗೆ ಅಂಟಿಸಿದ ಕಾಗದದ ಹಾಗೆ ಚಪ್ಪಟೆ. ಅದನ್ನು ನೋಡಿಕೊಂಡು ಮಿರ್ಕಾಬಿನ ಆಫೀಸಿನಲ್ಲಿ ನಾನು ದೊಡ್ಡ ನಕ್ಷೆ ತಯಾರಿಸಿದೆ. ದಪ್ಪದ ಜಾಗದಲ್ಲಿ ಎಂಟು ಸೆಂಟಿಮೀಟರ್ ಎಂದು ಬರೆದೆ. ಕೆಳಗೆ ನನ್ನ ಸಹಿ.

ಮೊಯ್ದಿನಾಕ ಅಷ್ಟರಲ್ಲಿ ವರ್ಕ್‌ಶಾಪಿನಲ್ಲಿ ನೆನಪಿನಿಂದಲೇ ಒಂದು ಮೂಲೆ ಮಾಡಿದ್ದರು. ಸುರುಳಿಗಳು ಗೋಡೆ ಬಿಟ್ಟು ಮುಂದಕ್ಕೆ ಹಾರಿದಂತಿದ್ದವು. “ಹೀಗೆ ಇತ್ತು” ಎಂದರು. ಅಳೆದೆ. ನನ್ನ ನಕ್ಷೆಗಿಂತ ಐದು ಪಟ್ಟು. ಇಷ್ಟು ಭಾರ ಚಾವಣಿಯಲ್ಲಿ ನಿಲ್ಲುವುದಿಲ್ಲ ಎಂದೆ, ಪುಸ್ತಕದಲ್ಲಿ ಹೀಗಿಲ್ಲ ಎಂದೆ. ನಕ್ಷೆ ಮಾಡುವವನು ನಾನು. ಅವರು ವಾದಿಸಲಿಲ್ಲ. “ನೀವು ಕಣ್ಣಲ್ಲಿ ನೋಡಿದವರು” ಎಂದು ಹೇಳಿ, ಆ ಮೂಲೆಯನ್ನು ತಾವೇ ಒಡೆದರು.

ಮೂರು ತಿಂಗಳಲ್ಲಿ ಚಾವಣಿ ಮುಗಿಯಿತು. ಅಬು ನಾಸರ್ ಬಂದರು. ಹಾಲಿನ ನಡುವೆ ನಿಂತು ಸುತ್ತ ತಿರುಗಿ ನೋಡಿದರು. ಸಿಟ್ಟು ಬಂದಿದ್ದರೆ ಎಷ್ಟೋ ಮೇಲಿತ್ತು. ಅವರ ಮುಖ ಬಾಡಿತು.

“ಇದು ಅದಲ್ಲ” ಎಂದರು. “ಅಲ್ಲಿ ಗೋಡೆಗೆ ಜೀವ ಇತ್ತು. ಇದು ಕೇಕಿನ ಮೇಲಿನ ಕ್ರೀಮು. ಎಲ್ಲಿ ತಪ್ಪಿತು ವಿನ್ಸೆಂಟ್?”

ನಕ್ಷೆ ಸುರುಳಿಯಾಗಿ ನನ್ನ ಕಂಕುಳಲ್ಲೇ ಇತ್ತು. ಆ ವರ್ಷ ನನ್ನ ಇಕಾಮಾ, ಅಲ್ಲಿ ಇರಲು ಬೇಕಾದ ಪರವಾನಗಿ, ಮುಂದುವರಿಯಬೇಕಿತ್ತು, ಮಗಳು ಅಲ್ಲೇ ಶಾಲೆಯಲ್ಲಿದ್ದಳು. ಕಾರಣ ಕೊಡುತ್ತಿಲ್ಲ, ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಹಾದುಹೋದದ್ದನ್ನು ಹೇಳುತ್ತಿದ್ದೇನೆ. ಮೊಯ್ದಿನಾಕ ಏಣಿಯ ಪಕ್ಕ ನಿಂತಿದ್ದರು.

“ಮೊಯ್ದೀನ್‌ಗೆ ಕಣ್ಣು ಸರಿ ಕಾಣುವುದಿಲ್ಲ ಸರ್” ಎಂದೆ.

ಅಬು ನಾಸರ್ ಮೊಯ್ದಿನಾಕರ ಹತ್ತಿರ ಹೋಗಿ ಮುಖದ ಮುಂದೆ ಬೆರಳು ಹಿಡಿದು, ಮೆಲ್ಲಗೆ ಬದಿಗೆ ಸರಿಸಿದರು. ಬೆರಳು ಎಲ್ಲಿ ಹೋಯಿತೆಂದು ಮೊಯ್ದಿನಾಕರಿಗೆ ತಿಳಿಯಲಿಲ್ಲ.

ಅಬು ನಾಸರ್ ಕೆಟ್ಟ ಮನುಷ್ಯರಲ್ಲ. ಮರುದಿನವೇ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋದರು. ಮಾಡುವಂಥದ್ದೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಸಲ್ಲಬೇಕಾದ್ದಕ್ಕಿಂತ ಹೆಚ್ಚೇ ಕೊಟ್ಟು, ಅಪ್ಪಿಕೊಂಡು, ಊರಿಗೆ ಕಳಿಸಲು ಏರ್ಪಾಡು ಮಾಡಿದರು. ಚಾವಣಿಯನ್ನು ಕೆಡವಿಸಿ ಬೇರೆ ದೇಶದಿಂದ ಸಿದ್ಧ ತುಂಡುಗಳನ್ನು ತರಿಸಿದರು. ಶುವೈಖಿನಲ್ಲಿ ಸುದ್ದಿ ಹೀಗೆ ಹಬ್ಬಿತು: ಮೊಯ್ದೀನ್ ಮೇಸ್ತ್ರಿಗೆ ಕಣ್ಣು ಹೋಗಿತ್ತು, ಮುಚ್ಚಿಟ್ಟು ಮುದೀರ್ ಮನೆಯ ಕೆಲಸ ಹಾಳು ಮಾಡಿದರು.

ಏರ್‌ಪೋರ್ಟಿಗೆ ನಾನೇ ಬಿಟ್ಟೆ. ದಾರಿಯಲ್ಲಿ ಅವರು ನನ್ನ ಮಗಳ ಪರೀಕ್ಷೆಯ ವಿಚಾರ ಕೇಳಿದರು, ಲೀನಾ ಕಳಿಸಿದ ಮೀನಿನ ಉಪ್ಪಿನಕಾಯಿಗೆ ಥ್ಯಾಂಕ್ಸ್ ಹೇಳಿದರು. ಚೆಕ್ಕಿಂಗಿನ ಬಾಗಿಲಲ್ಲಿ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

“ಕಣ್ಣಿನ ವಿಷಯ ಹೇಳಿದ್ದಕ್ಕೆ ಬೇಜಾರಿಲ್ಲ ಪೊರ್ಬುಗಳೇ. ಒಂದಲ್ಲ ಒಂದು ದಿನ ಗೊತ್ತಾಗುವುದೇ. ಅಳತೆ ನಿಮ್ಮದು ಅಂತಲೂ ಹೇಳಬಹುದಿತ್ತು. ಎರಡೂ ನಿಜವೇ ಅಲ್ಲವಾ?”

ನಾನು ಅವರ ಚೀಲವನ್ನು ಕೈಗಿತ್ತೆ. ಗಾಲಿಕುರ್ಚಿ ತಂದಿದ್ದರು. ಅವರು ಕೂರಲಿಲ್ಲ. ಅದನ್ನು ತಂದವನ ಮೊಣಕೈ ಹಿಡಿದುಕೊಂಡು ನೆ‍ಟ್ಟಗೆ ನಡೆದು ಒಳಗೆ ಹೋದರು.

ಉಳ್ಳಾಲದ ಹತ್ತಿರ

ಎರಡು ವರ್ಷ ಬಿಟ್ಟು ರಜೆಯಲ್ಲಿ ಊರಿಗೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಇಡೀ ದಾರಿ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲು ತೆಗೆದ ಅವರ ಹೆಂಡತಿ, “ಅವರು ಪಳ್ಳಿಯಲ್ಲಿದ್ದಾರೆ. ಹೊಸತು ಕಟ್ಟುತ್ತಿದ್ದಾರಲ್ಲ, ದಿನಾ ಅಲ್ಲೇ” ಎಂದರು.

ಪಳ್ಳಿಯ, ಅಂದರೆ ಮಸೀದಿಯ, ಕೆಲಸ ಇನ್ನೂ ಅರ್ಧ ಆಗಿತ್ತು. ಸಿಮೆಂಟಿನ ಮೂಟೆಗಳ ನಡುವೆ ದಾರಿ ಮಾಡಿಕೊಂಡು ಬಾಗಿಲ ಬಳಿ ನಿಂತೆ. ಒಳಗೆ ಮೊಯ್ದಿನಾಕ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಇಬ್ಬರು ಮೇಸ್ತ್ರಿಗಳು ಎದುರಿನ ಗೋಡೆಯ ಕಮಾನಿಗೆ ಗಾರೆ ಮೆತ್ತುತ್ತಿದ್ದರು. ಒಂದು ಭಾಗ ಮುಗಿದೊಡನೆ ಮೊಯ್ದಿನಾಕ ಎದ್ದು, ಗೋಡೆಯನ್ನು ಹುಡುಕಿ, ಹಸಿ ಬಳ್ಳಿಯ ಮೇಲೆ ಬೆರಳಾಡಿಸುತ್ತಿದ್ದರು. “ಇಲ್ಲಿ ಇನ್ನೂ ಹೊರಗೆ ಬರಬೇಕು. ಹೆದರಬೇಡಿ, ನಿಲ್ಲುತ್ತದೆ. ಎಲೆಗೆ ಬೆನ್ನು ಬೇಕು.” ಮೇಸ್ತ್ರಿಗಳು ಎದುರಾಡದೆ ಮತ್ತೆ ಮೆತ್ತುತ್ತಿದ್ದರು. ಅಚ್ಚು ಎಲ್ಲಿಯೂ ಇರಲಿಲ್ಲ. ಬಳ್ಳಿ ಗೋಡೆ ಬಿಟ್ಟು ಮೊಳದುದ್ದ ಮುಂದೆ ಬಂದು ಗಾಳಿಯಲ್ಲಿ ನಿಂತಿತ್ತು.

ನನ್ನ ಕಾಲಿಗೆ ಒಂದು ಬಕೆಟ್ ತಾಗಿ ಸದ್ದಾಯಿತು. ಮೊಯ್ದಿನಾಕ ಗೋಡೆಯಿಂದ ಕೈ ತೆಗೆಯದೆ ಮುಖವನ್ನಷ್ಟೇ ನನ್ನ ಕಡೆ ತಿರುಗಿಸಿದರು. ನಮ್ಮ ನಡುವೆ ಎಂಟು ಅಡಿಯೂ ಇರಲಿಲ್ಲ. ಕಣ್ಣು ನೇರ ನನ್ನ ಮೇಲೇ ಇತ್ತು, ಅದರಲ್ಲಿ ನಾನಿರಲಿಲ್ಲ.

“ಯಾರು?” ಎಂದರು.

ಒಂದು ಮಾತು ಸಾಕಿತ್ತು. ನನ್ನ ದನಿ ಅವರಿಗೆ ತಿಳಿಯುತ್ತಿತ್ತು. ಮೇಸ್ತ್ರಿಗಳಿಬ್ಬರೂ ನನ್ನ ಕಡೆ ನೋಡಿದರು.

“ಯಾರು ಬಂದದ್ದು?” ಎಂದು ಇನ್ನೊಮ್ಮೆ ಕೇಳಿದರು.

ನಾನು ಕಳಚಿಟ್ಟ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಮೆಟ್ಟಿಲಿಳಿದು, ರಸ್ತೆಗೆ ಬಂದ ಮೇಲೆ ಮೆಟ್ಟಿಕೊಂಡೆ.